ಸಿಂಥೆಟಿಕ್ ಆಯಿಲ್ ಮತ್ತು ನನ್ನ ಕೀರ್ತಿ

ಮನುಷ್ಯರಿಗೆ ಮರ್ಯಾದೆ ತಡವಾಗಿ ಸಿಕ್ಕರೂ ಚಿಂತೆಯಿಲ್ಲ, ಅದು ಯಾಕೆ ಸಿಕ್ಕಿತೆಂದು ಮಾತ್ರ ಕೆದಕಿ ನೋಡಬಾರದು. ಈ ಮಾತನ್ನು ನಾನು ಯಾವ ಪುಸ್ತಕದಿಂದಲೂ ಎತ್ತಿಕೊಂಡದ್ದಲ್ಲ. ಆಳಂದದ ಒಂದು ಗ್ಯಾರೇಜಿನ ಮುಂದೆ, ಎದೆಗೆ ಆಯಿಲ್ ಡಬ್ಬಿ ಅವಚಿಕೊಂಡು ನಿಂತು, ಸ್ವಂತ ಖರ್ಚಿನಲ್ಲಿ ಕಲಿತದ್ದು. ಇಪ್ಪತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳಿಗೆ ಹೊಸದೇನಾದರೂ ಕಲಿಯುವುದು ಸ್ವಲ್ಪ ಕಷ್ಟವೇ. ಯಾರಾದರೂ ಎದುರಿಗೆ ನಿಂತರೆ ಸಾಕು, ಬಾಯಿ ತಾನಾಗಿಯೇ ಪಾಠ ಶುರು ಮಾಡಿಬಿಡುತ್ತದೆ.

ಇದು ತೊಂಬತ್ತರ ದಶಕದ ಮಾತು. ಆಗ ನಾನು ಸರಸಂಬಾದ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯಿನಿ. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ನಾನು ಹೆಡ್ ಅಕ್ಕೋರು. ಮನೆ ಆಳಂದದಲ್ಲಿ. ನಡುವಿನ ಬಸ್ಸು ಬಂದರೆ ಬಂತು, ಬಾರದಿದ್ದರೆ ಅದನ್ನು ಕೇಳುವವರು ಯಾರು? ಕಡೆಗೆ ಗುಲ್ಬರ್ಗಾದ ಡಾಕ್ಟರೊಬ್ಬರು ಮಾರಿದ ಹಳೆಯ ಬಿಳಿ ಕಾರನ್ನು ತಂದೆವು. ಯಾವ ಕಂಪನಿಯದೆಂದು ಹೇಳುವುದಿಲ್ಲ, ಪಾಪ, ಅವರು ಅದನ್ನು ಮಾಡಿ ಮರೆತು ಎಷ್ಟೋ ವರ್ಷವಾಗಿತ್ತು. ನಮ್ಮ ಯಜಮಾನರದು ಪೇಟೆಯಲ್ಲಿ ಬಟ್ಟೆ ಅಂಗಡಿ. ಗಜಕಡ್ಡಿ ಹಿಡಿದರೆ ಕೂದಲೆಳೆಯಷ್ಟೂ ಅಲುಗದ ಅವರ ಕೈ ಸ್ಟೇರಿಂಗ್ ಹಿಡಿದರೆ ಗಡಗಡ ನಡುಗುತ್ತಿತ್ತು. ಹೀಗಾಗಿ ಕಾರು ಕಲಿತವಳು ನಾನು. ನಾನು ಮೊದಲ ಸಲ ಗಾಡಿ ತೆಗೆದ ದಿನ ಓಣಿಯೇ ಹೊರಗೆ ಬಂದು ನಿಂತಿತ್ತು. ಪಕ್ಕದ ಮನೆಯ ಮುದುಕಿ ಗಂಗವ್ವ ಆಯಿ ಕಟ್ಟೆಯ ಮೇಲೆ ಕೂತು, ನನಗೆ ಕೇಳಲೆಂದೇ ದನಿ ಏರಿಸಿ, "ಹೆಣ್ಣಮಗಳು ಹಿಂಗ ಗಾಡಿ ಹೊಡ್ಕೊಂಡು ಊರೂರು ತಿರಗೂದು ಚಂದಲ್ಲ ನೋಡವ್ವಾ" ಎಂದಿದ್ದಳು. ಕೇಳಿ ನನಗೆ ಮೈ ಉರಿದುಹೋಯಿತು.

ಆದರೆ ಒಂದು ವರ್ಷ ಕಳೆಯುವುದರೊಳಗೆ ಎಂಥ ಬದಲಾವಣೆ ಅಂತೀರಿ! ದಾರಿಯಲ್ಲಿ ಸಿಕ್ಕವರೆಲ್ಲ ಕೈ ಎತ್ತಿ, "ನಮಸ್ಕಾರ್ರಿ ಅಕ್ಕೋರ, ಗಾಡಿ ಹೆಂಗದ್ರಿ?" ಎನ್ನುವವರೇ. ಸರಸಂಬಾದಲ್ಲಿ ಶಾಲೆಯ ಪಾಠ ಕಿವಿಗೆ ಬೀಳುವಷ್ಟು ಪಕ್ಕದಲ್ಲೇ ಮನೆಯಿದ್ದ ಮಲ್ಲಪ್ಪನೆಂಬ ರೈತನಂತೂ ದಿನಾ ಸಂಜೆ ನಾನು ಹೊರಡುವ ಹೊತ್ತಿಗೆ ಸರಿಯಾಗಿ ಬಂದು, ಕಿಟಕಿಯಲ್ಲಿ ಬಗ್ಗಿ, ಸ್ಟೇರಿಂಗಿನ ಕಡೆಗೆ ಕಣ್ಣು ಕಿರಿದು ಮಾಡಿ ನೋಡಿ, ತಲೆಯಾಡಿಸಿ ಹೋಗುತ್ತಿದ್ದ. ಹೆಂಗಸೊಬ್ಬಳು ಇಷ್ಟೆಲ್ಲ ಹೇಗೆ ಸಂಭಾಳಿಸುತ್ತಾಳೆಂಬ ಬೆರಗು ಪಾಪ ಅವನಿಗೆ, ಅಂದುಕೊಂಡೆ. ಒಂದು ದಿನ ಅರ್ಧ ತಾಸು ಕ್ಲಚ್ಚಿನ ತತ್ತ್ವವನ್ನೇ ಅವನಿಗೆ ವಿವರಿಸಿದೆ. ಸುಮ್ಮನೆ ಕೇಳಿಸಿಕೊಂಡ. ಇದೇ ಮಲ್ಲಪ್ಪನನ್ನು ನಮ್ಮ ಶಾಲೆಯಲ್ಲಿ ದೊಡ್ಡವರಿಗಾಗಿ ನಡೆಸುತ್ತಿದ್ದ ಸಂಜೆಯ ಅಕ್ಷರ ವರ್ಗಕ್ಕೆ ಕರೆದು ಕರೆದು ನನ್ನ ಗಂಟಲು ಒಣಗಿತ್ತು. "ಈ ವಯಸ್ಸಿನ್ಯಾಗ ಎದಕ್ರಿ ಅಕ್ಕೋರ, ಎತ್ತು ನಗ್ತಾವ" ಎಂದು ಜಾರಿಕೊಂಡಿದ್ದ. ಇನ್ನು ಗಂಗವ್ವ ಆಯಿಯ ಮಾತು ಕೇಳಿ. ಒಂದು ಐತವಾರ ನಾನು ಮನೆಯಲ್ಲೇ ಇದ್ದದ್ದನ್ನು ನೋಡಿ, "ಯಾಕ ಯವ್ವಾ, ಇವತ್ತ ಎಲ್ಲೂ ಹೋಗಲಿಲ್ಲೇನು? ಗುಲ್ಬರ್ಗಾಕ್ಕರ ಹೋಗಿ ಬಾ, ಮನ್ಯಾಗ ಕೂತು ಏನ ಮಾಡ್ತಿ?" ಎಂದಳು. ನನ್ನ ಕಣ್ಣು ತುಂಬಿ ಬಂತು. ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ: "ನೋಡ್ರಿ, ಒಬ್ಬಾಕಿ ಹೆಣ್ಣಮಗಳು ಗೇರ್ ಹಾಕಿದ್ರ ಇಡೀ ಓಣಿ ಮುಂದ ಹೋಗ್ತದ." ಅವರು, "ಹೌದ್ಹೌದು, ಜರಾ ಶೇಂಗಾ ಹಿಂಡಿ ನೀಡು" ಎಂದು ಚಟ್ನಿಪುಡಿಗೆ ತಟ್ಟೆ ಚಾಚಿದರು. ಗಂಡಸರಿಗೆ ಸಮಾಜ ಸುಧಾರಣೆ ಅಂದರೆ ಅಷ್ಟೇ.

ಕೀರ್ತಿಯ ಆ ಶಿಖರದಲ್ಲಿ ನಾನಿದ್ದಾಗಲೇ ಸೊಲ್ಲಾಪುರದಿಂದ ನನ್ನ ತಮ್ಮ ಶರಣು ಬಂದ. ಅವನು ಅಲ್ಲಿ ಮೋಟಾರು ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಕ್ಕನಿಗೆಂದು ಸೀರೆ ತರಲಿಲ್ಲ, ಸಿಹಿ ತರಲಿಲ್ಲ. ಹೊಳೆಯುವ ಒಂದು ಡಬ್ಬಿ ತಂದಿದ್ದ. "ಅಕ್ಕಾ, ಇದು ಸಿಂಥೆಟಿಕ್ ಇಂಜನ್ ಆಯಿಲ್. ನೀ ಹಾಕೋ ಸಾದಾ ಆಯಿಲ್ ಮೂರು ತಿಂಗಳಿಗೆ ಸುಟ್ಟು ಕರ್ರಗಾಗ್ತದ, ಚೆಲ್ಲಬೇಕು. ಇದನ್ನ ಒಮ್ಮಿ ಹಾಕಿದ್ರ ವರ್ಷಗಟ್ಟಲೆ ಫಿಕರಿಲ್ಲ" ಎಂದ. ಸಿಂಥೆಟಿಕ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಯಜಮಾನರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಅದು ಅವರ ಸ್ವಂತ ವಿಷಯ. "ಏ ಶರಣು, ಸಿಂಥೆಟಿಕ್ ಬಗ್ಗೆ ನನಗ ಹೇಳಬ್ಯಾಡ. ಹತ್ತಿ ಸೀರಿ ಉಟ್ಟಾಕಿ ವರ್ಷಕ್ಕ ನಾಲ್ಕು ಸಲ ಅಂಗಡಿಗೆ ಬರ್ತಾಳ, ಮನಿ ಸುದ್ದಿ ಹೇಳ್ತಾಳ, ಚಹಾ ಕುಡೀತಾಳ. ಸಿಂಥೆಟಿಕ್ ಒಯ್ದಾಕಿ ಮತ್ತ ಮಗಳ ಮದುವಿಗೇ ಬರೂದು. ಹರಿಯದ ವಸ್ತುವಿನಿಂದ ಮಂದಿ ದೂರ ಆಗ್ತಾರ" ಎಂದರು. ಇಂಜಿನ್ನಿಗೂ ಸೀರೆಗೂ ಎಲ್ಲಿಯ ಸಂಬಂಧ ಎಂದು ನಾನು ಅವರ ಬಾಯಿ ಮುಚ್ಚಿಸಿದೆ. ಹಳೆಯದಕ್ಕೇ ಅಂಟಿಕೊಂಡು ಕೂತಿದ್ದರೆ ನಾನು ಕಾರು ಕಲಿಯುತ್ತಿದ್ದೆನೇ? ತಾಲೂಕಿನಲ್ಲಿ ಮೊದಲು ಸ್ಟೇರಿಂಗ್ ಹಿಡಿದ ಹೆಣ್ಣು ಹೊಸ ಆಯಿಲನ್ನೂ ಮೊದಲು ಹಾಕಬೇಕು, ತೀರಿತು.

ಎಳ್ಳಮವಾಸ್ಯೆಗೆ ಮೂರು ದಿನ ಇತ್ತು. ಆಯಿಲ್ ಬದಲಿಸುವ ಐತವಾರ ಡಬ್ಬಿ ಹಿಡಿದು ಬಾಬುಮಿಯಾ ಮಿಸ್ತ್ರಿಯ ಗ್ಯಾರೇಜಿಗೆ ಹೋದರೆ ಅಲ್ಲೊಂದು ಸಣ್ಣ ಸಭೆಯೇ ಸೇರಿತ್ತು. ಸರಸಂಬಾದ ಮಲ್ಲಪ್ಪ ಬೆಳಗಿನ ಬಸ್ಸಿಗೇ ಬಂದಿದ್ದ. ಗಂಗವ್ವ ಆಯಿ ಕಲ್ಲಿನ ಮೇಲೆ ಕೂತಿದ್ದಳು. ಮನೆ ಕಟ್ಟುವ ಒಬ್ಬ ಗೌಂಡಿ, ಇನ್ನಿಬ್ಬರು ನಿಂತಿದ್ದರು. ಸಿಂಥೆಟಿಕ್ ಸುದ್ದಿ ಇಷ್ಟು ಬೇಗ ಹಬ್ಬಿತೇ ಎಂದು ನನಗೆ ಹಿಗ್ಗೋ ಹಿಗ್ಗು. ಅವರ ಕೈಯಲ್ಲಿದ್ದ ಖಾಲಿ ಡಬ್ಬಿಗಳು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಮಿಸ್ತ್ರಿ ಡಬ್ಬಿಯನ್ನು ತಿರುಗಿಸಿ ನೋಡಿ, "ಹಳೀ ಇಂಜನ್ ಅದರಿ ಅಕ್ಕೋರ. ಸಾದಾ ಆಯಿಲ್ ಮಂದ ಅದ, ಸಂದಿಗೊಂದಿ ಮುಚ್ಚಿಕೊಂಡು ಕೂತದ. ಇದು ತೆಳ್ಳಗದ, ಸೋರಿದ್ರ ನನಗ ಅನಬ್ಯಾಡ್ರಿ" ಎಂದ. ನಾನು ಅವನನ್ನು ಕೈಸನ್ನೆಯಿಂದ ಸುಮ್ಮನಾಗಿಸಿ, ಸಭೆಯ ಕಡೆ ತಿರುಗಿದೆ. "ನೋಡ್ರಿ, ಇದು ಮುಂದಿನ ಕಾಲದ ಆಯಿಲ್. ಮೂರು ತಿಂಗಳಿಗೊಮ್ಮಿ ಬದಲಿ ಮಾಡೋ ರಗಳಿ ಇವತ್ತಿಗೆ ಮುಗೀತು. ಇನ್ನ ವರ್ಷಕ್ಕೊಮ್ಮಿ ಬದಲಿಸಿದ್ರ ಸಾಕು!" ಎಂದು, ಶಾಲೆಯ ರೂಢಿಯಂತೆ ಚಪ್ಪಾಳೆಗಾಗಿ ಸ್ವಲ್ಪ ಹೊತ್ತು ಬಿಟ್ಟೆ.

ಯಾರೂ ತಟ್ಟಲಿಲ್ಲ. ಗಂಗವ್ವ ಆಯಿ ಎದ್ದು ನಿಂತಳು. "ವರ್ಷಕ್ಕೊಮ್ಮಿ? ಹಂಗಾದ್ರ ನನ್ನ ಬಾಗಲದ ಗತಿ ಏನ ಯವ್ವಾ?"

"ಯಾವ ಬಾಗಲ ಆಯಿ?"

ಆಗ ಬಾಬುಮಿಯಾ ಕೈ ಒರೆಸಿಕೊಳ್ಳುತ್ತ, "ಸಿಟ್ಟಾಗಬ್ಯಾಡ್ರಿ ಅಕ್ಕೋರ" ಎಂದು ಶುರು ಮಾಡಿದ. ನನ್ನ ಕಾರಿನಿಂದ ಇಳಿಸಿದ ಸುಟ್ಟ ಆಯಿಲನ್ನು ಅವನು ಯಾವತ್ತೂ ಚೆಲ್ಲಿರಲಿಲ್ಲ. ಬಾಗಿಲ ಚೌಕಟ್ಟಿಗೆ ಬಳಿದರೆ ಗೆದ್ದಲು ಹತ್ತುವುದಿಲ್ಲ. ಬಂಡಿಯ ಅಚ್ಚಿಗೆ ಹಾಕಿದರೆ ಗಾಲಿ ಕಿರುಗುಟ್ಟುವುದಿಲ್ಲ. ಗೌಂಡಿಗಳು ಹಲಗೆಗೆ ಸವರಿದರೆ ಛತ್ತಿನ ಕಾಂಕ್ರೀಟು ಅಂಟುವುದಿಲ್ಲ. ಲಾರಿಯವರು, ಟ್ರ್ಯಾಕ್ಟರಿನವರು ತಮ್ಮ ತಮ್ಮ ಸುಟ್ಟ ಆಯಿಲನ್ನು ತಾವೇ ಒಯ್ಯುತ್ತಾರೆ. ಕೇಳದೆ ಬಿಟ್ಟುಹೋಗುವ ಗಿರಾಕಿ ಇಡೀ ಊರಿಗೆ ನಾನೊಬ್ಬಳೇ! ಹೀಗಾಗಿ ಜಗಳವಾಗದಂತೆ ಅವನು ಪಾಳಿ ಹಚ್ಚಿದ್ದ. ಇವತ್ತಿನ ಪಾಳಿ ಮಲ್ಲಪ್ಪನದು, ಯುಗಾದಿಯದು ಗಂಗವ್ವನದು, ಆಮೇಲಿನದು ಗೌಂಡಿಯದು. ತನ್ನ ಪಾಳಿಯನ್ನು ಬೇರೆ ಯಾರೂ ನುಂಗಬಾರದೆಂದು ಕಾಯಲು ಗಂಗವ್ವ ಆಯಿ ಖುದ್ದಾಗಿ ಬಂದಿದ್ದಳು.

"ದಸರಾದಿಂದ ಕಾಯಾಕತ್ತೇನ್ರಿ ಅಕ್ಕೋರ" ಎಂದ ಮಲ್ಲಪ್ಪ. "ಎಳ್ಳಮವಾಸಿಗೆ ಹೊಸಾ ಬೀಗರು ಬರಾಕತ್ತಾರ, ಬಂಡಿ ಕಟ್ಕೊಂಡು ಹೊಲಕ್ಕ ಹೋಗಬೇಕು. ಗಾಲಿ ಕಿರ್ ಕಿರ್ ಅಂದ್ರ ನನ್ನ ಮಾನ ಹೋಗ್ತದ."

ನಾನು ಅವನ ಕಡೆ ತಿರುಗಿದೆ. "ಹಂಗಾದ್ರ ದಿನಾ ಗಾಡ್ಯಾಗ ಬಗ್ಗಿ ಬಗ್ಗಿ ನೋಡ್ತಿದ್ದೆಲ್ಲೋ, ಏನ ನೋಡ್ತಿದ್ದಿ?"

"ಕಿಲೋಮೀಟರ್ ರಿ. ಮೂರು ಸಾವಿರ ತುಂಬಿದ್ರ ಆಯಿಲ್ ಬದಲಿ ಅಂತ ಮಿಸ್ತ್ರಿ ಹೇಳಿದ್ದ."

"ನಿನಗ ಅಂಕಿ ಓದಾಕ ಬರ್ತದ?"

"ಸೊನ್ನಿ ಒಂದೇ ಮೊದ್ಲ ಗೊತ್ತಿತ್ರಿ. ಉಳಿದದ್ದೆಲ್ಲಾ ನಿಮ್ಮ ಗಾಡ್ಯಾಗ ನೋಡೇ ಕಲ್ತೇನಿ."

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಭಾರೀ ಬೇಜಾರಾಯಿತು. ಒಂದು ವರ್ಷದ ನಮಸ್ಕಾರಗಳೆಲ್ಲ ಕಣ್ಮುಂದೆ ಬಂದವು. ಅವುಗಳಲ್ಲಿ ಒಂದೂ ನನಗೆ ಮಾಡಿದ್ದಲ್ಲ, ನನ್ನ ಸೀಟಿನ ಮುಂದೆ ಬಾನೆಟ್ಟಿನ ಕೆಳಗಿದ್ದ ಕರಿಯ ದ್ರವಕ್ಕೆ ಮಾಡಿದ್ದು. ಗುಲ್ಬರ್ಗಾಕ್ಕರ ಹೋಗಿ ಬಾ ಎಂದ ಗಂಗವ್ವ ಆಯಿಯ ಪ್ರೀತಿಯೂ ಕಿಲೋಮೀಟರಿನ ಮೇಲಿನದೇ! ಅವಳನ್ನು ಗದರಿಸಲೆಂದೇ ತಿರುಗಿದೆ. ಆಯಿ ಮಾತ್ರ ಅಳುಮೋರೆ ಮಾಡಿಕೊಂಡು, "ವರ್ಷ ಅಂದ್ರ ನಾ ಇರ್ತೇನೋ ಇಲ್ಲೋ, ಬಾಗಲರ ಉಳೀಬೇಕಲ್ಲ ಯವ್ವಾ. ನಮ್ಮ ಹಿರ್ಯಾರು ಕೂಡಿಸಿದ್ದದು" ಎಂದಳು. ಅವಳು ಮುಂದಿನ ಮಾತು ಆಡುವುದರೊಳಗೆ ನನಗೆ ಎಲ್ಲಿತ್ತೋ ನಗು ಉಕ್ಕಿ ಬಂತು. ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಲ್ಲಪ್ಪ ನಕ್ಕ, ಮಿಸ್ತ್ರಿ ನಕ್ಕ, ಯಾಕೆಂದು ತಿಳಿಯದೆ ಗಂಗವ್ವ ಆಯಿಯೂ ಬೊಚ್ಚುಬಾಯಿ ತೆರೆದಳು. "ಮಿಸ್ತ್ರಿ, ಸಾದಾ ಆಯಿಲ್ಲೇ ಹಾಕು" ಎಂದೆ. ಆಗ ಬಿತ್ತು ನೋಡಿ ಚಪ್ಪಾಳೆ! ಹಳೆಯ ಇಂಜಿನ್ನಿನಿಂದ ತೆಳು ಆಯಿಲ್ ಸೋರುತ್ತದೆಂದು ಬಾಬುಮಿಯಾ ಹೇಳಿದ್ದು ಖರೆಯೋ, ಪಾಳಿ ಉಳಿಸಿಕೊಳ್ಳಲು ಹೂಡಿದ ಆಟವೋ, ನನಗೆ ಇಂದಿಗೂ ಗೊತ್ತಿಲ್ಲ. ಮರ್ಯಾದೆಯ ಬಗ್ಗೆ ಕೆದಕಿ ಆದದ್ದೇ ಸಾಕು, ಇದನ್ನು ಕೆದಕಲು ಹೋಗಲಿಲ್ಲ.

ಎಳ್ಳಮವಾಸ್ಯೆಯ ದಿನ ಮಲ್ಲಪ್ಪ ಬಿಡದೆ ನಮ್ಮಿಬ್ಬರನ್ನೂ ಹೊಲಕ್ಕೆ ಕರೆಸಿದ. ಹೊಸ ಬೀಗರ ನಡುವೆ ನನ್ನನ್ನು ಬಂಡಿಯಲ್ಲಿ ಕೂಡಿಸಿ, "ಇವರೇ ನೋಡ್ರಿ ನಮ್ಮ ಆಯಿಲ್ ಅಕ್ಕೋರು" ಎಂದು ಪರಿಚಯ ಮಾಡಿಸಿದ. ಗಾಲಿಗಳು ಕಮಕ್ ಕಿಮಕ್ ಅನ್ನಲಿಲ್ಲ. ಜೋಳದ ಹೊಲದಲ್ಲಿ ಕೂತು ಸಜ್ಜೆ ರೊಟ್ಟಿಯ ಮೇಲೆ ಭಜ್ಜಿ ಪಲ್ಯ ಹಾಕಿಕೊಂಡು ತಿನ್ನುತ್ತ ಯಜಮಾನರು, "ಹರಿಯದ ವಸ್ತುವಿನಿಂದ ಮಂದಿ ದೂರ ಆಗ್ತಾರ ಅಂತ ನಾ ಅಂದಿದ್ದಿಲ್ಲೇನು?" ಎಂದರು. ಗೆದ್ದ ಗಂಡಸಿಗೆ ಉತ್ತರ ಕೊಡಬಾರದು, ಅಂಬಲಿ ಬಡಿಸಿದೆ. ಸೊಲ್ಲಾಪುರದ ಡಬ್ಬಿ ನಮ್ಮ ಅಟ್ಟ ಸೇರಿತು. ಶರಣು ಬಂದಾಗಲೆಲ್ಲ "ಆಯಿಲ್ ಹೆಂಗದ ಅಕ್ಕಾ?" ಎಂದು ಕೇಳುತ್ತಾನೆ. "ಇನ್ನೂ ಹೊಸಾದರಂಗೇ ಅದ ನೋಡು" ಎನ್ನುತ್ತೇನೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಯುಗಾದಿ ಹತ್ತಿರ ಬಂತು. ಒಂದು ಸಂಜೆ ಶಾಲೆಯ ಮುಂದೆ ಮಲ್ಲಪ್ಪ ಎಂದಿನಂತೆ ಕೈಯೆತ್ತಿ, "ಗಾಡಿ ಹೆಂಗದ್ರಿ ಅಕ್ಕೋರ?" ಎಂದ. ಈಗ ನಾನು ಜಾಣೆ. ಕ್ಲಚ್ಚು, ಗೇರು, ಸ್ತ್ರೀ ಪ್ರಗತಿ ಯಾವುದನ್ನೂ ಎತ್ತದೆ, ನೆಟ್ಟಗೆ ಲೆಕ್ಕ ಹಾಕಿ, "ಮೂರು ಸಾವಿರಕ್ಕ ಇನ್ನ ನಾಲ್ಕನೂರಾ ನಲವತ್ತು ಕಿಲೋಮೀಟರ್ ಬಾಕಿ ಅದ, ಗಂಗವ್ವ ಆಯಿಗೆ ಹಬ್ಬಕ್ಕ ಬರಾಬರಿ ಸಿಗ್ತದ" ಎಂದೆ. ಅವನು ಕಿಟಕಿಯಲ್ಲಿ ಬಗ್ಗಿ ನೋಡಿದ. ಬೆರಳು ಮಡಿಚಿದ, ಬಿಚ್ಚಿದ. ಆಮೇಲೆ ಬಹಳ ಮರ್ಯಾದೆಯಿಂದ, ಶಾಲೆಯ ಮಕ್ಕಳಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದ:

"ಓಡಿದ್ದು ಎರಡು ಸಾವಿರದಾ ಆರನೂರಾ ಅರವತ್ತು, ಬಾಕಿ ಮೂರನೂರಾ ನಲವತ್ತ ಆಗ್ತದರಿ ಅಕ್ಕೋರ. ಕಳಿಯಾಗ ನೀವು ದಶಕ ತಗೊಂಡದ್ದು ಮರ್ತೀರಿ."