ಪೆಟ್ಟಿಗೆಯಲ್ಲಿ ನೋಡುವ ಮದುವೆ

ಹಠ ಕೆಟ್ಟದ್ದು ಎನ್ನುವವರೆಲ್ಲ ಇನ್ನೊಬ್ಬರ ಹಠವನ್ನು ಕುರಿತೇ ಹಾಗೆನ್ನುತ್ತಾರೆ. ನನ್ನದು ಕ್ಯಾಮೆರಾದ ಹಠ. ಮುಂಬಯಿಯ ಚೋರ್ ಬಜಾರಿನಲ್ಲಿ ಕೊಂಡ ಆ ಹಳೆಯ ವಿಲಾಯಿತಿ ಕ್ಯಾಮೆರಾಕ್ಕೆ ಎರಡು ಕಣ್ಣು. ಒಂದೇ ನೋಟದ ಎರಡು ಚಿತ್ರ ತೆಗೆಯುತ್ತದೆ. ಆ ಜೋಡಿಯನ್ನು ಜೊತೆಗೆ ಬಂದ ಪೆಟ್ಟಿಗೆಯೊಳಗಿಟ್ಟು, ಬೆಳಕಿಗೆ ಹಿಡಿದು ಇಣುಕಿದರೆ ಮೂಗು ಮೂಗಿನ ಹಾಗೆಯೇ ಮುಂದಕ್ಕೆ ಬರುತ್ತದೆ. ಇಪ್ಪತ್ತು ವರ್ಷ ಫೋರ್ಟಿನಲ್ಲಿ ಗುಮಾಸ್ತಿಕೆ ಮಾಡಿದವನಿಗೆ ಬದುಕಿನಲ್ಲಿ ಆಳವಾಗಿ ಕಂಡದ್ದು ಇದೊಂದೇ.

ಸಯನ್ನಿನ ನಮ್ಮ ಬಿಲ್ಡಿಂಗಿನ ಕೆಳಗಿನ ಮನೆಯಲ್ಲಿ ಬಿಜಾಪುರದ ದರ್ಜಿ ದಸ್ತಗೀರ್ ಇದ್ದರು. ಮಗಳ ನಿಕಾಹ್ ಗೊತ್ತಾದಾಗ ನನ್ನ ಬಳಿ ಬಂದರು. "ನಮ್ಮವ್ವ ಸೊಂಟ ಮುರಕೊಂಡು ಮಲಗ್ಯಾಳ್ರಿ ಸಾಹೇಬ್ರ, ಶಾದಿಮಹಲಿಗೆ ಬರಾಕ ಆಗೂದಿಲ್ಲ. ಆಕಿ ನೋಡೂಹಂಗ ಫೋಟೋ ತಗೀರಿ" ಅಂದರು.

ಫಿಲ್ಮು ಕೊಳ್ಳಲು ಹೋದರೆ ಅಂಗಡಿಯ ಶೆಣೈ, "ಹೇಗೆ ನೋಡ್ತೀರಿ ಅಂತ ಮೊದಲು ಹೇಳಿ ಮಾರಾಯ್ರೆ. ಕೈಯಲ್ಲಿ ಹಿಡಿದು ನೋಡುವುದಾದರೆ ಪ್ರಿಂಟು, ಪೆಟ್ಟಿಗೆಯಲ್ಲಾದರೆ ಸ್ಲೈಡು" ಎಂದ. ಹೆಂಡತಿಯ ತೀರ್ಪು ಮನೆಯಲ್ಲೇ ಆಗಿತ್ತು: "ಮದಿವಿ ಫೋಟೋ ಆಲ್ಬಮ್ಮಿಗೆ ಹಚ್ಚೂವು ರೀ. ಮಂದಿ ಒಬ್ಬೊಬ್ಬರ ಇಣಕಿ ನೋಡಾಕ ಅದೇನು ಬಯಸ್ಕೋಪೇನು? ಪ್ರಿಂಟಿಂದೇ ತರ್ರಿ." ನಾನು ಸ್ಲೈಡಿನದೇ ತಂದೆ.

ಚಿತ್ರಗಳು ತೊಳೆದು ಬರುವಷ್ಟರಲ್ಲಿ ಮದುಮಗಳು ಗಂಡನ ಮನೆ ಸೇರಿ ತಿಂಗಳಾಗಿತ್ತು. ದಸ್ತಗೀರರ ಮನೆಯಲ್ಲಿ ನೆಂಟರೆಲ್ಲ ಕೈಚಾಚಿ ಕುಳಿತಿದ್ದರು. ನಾನು ಪೆಟ್ಟಿಗೆ ತೆಗೆದಾಗ ಒಬ್ಬರು, "ಫೋಟೋ ಎಲ್ರಿ?" ಎಂದು ಕೇಳಿಯೂ ಬಿಟ್ಟರು. ಹೆಂಡತಿ ನನ್ನತ್ತ ನೋಡಿದ ನೋಟಕ್ಕೆ ಪೆಟ್ಟಿಗೆಯ ಸಹಾಯವೇ ಬೇಕಿರಲಿಲ್ಲ. ನೇರವಾಗಿ ಎದೆಗೇ ಬಂತು.

ನಾನು ಜಗ್ಗಲಿಲ್ಲ. ಅಜ್ಜಿಯ ಮಂಚವನ್ನು ಕಿಟಕಿಗೆ ಸರಿಸಿ ಪೆಟ್ಟಿಗೆಯನ್ನು ಅವಳ ಕಣ್ಣಿಗೆ ಹಿಡಿದೆ. ಅವಳ ಬಲಗೈ ಮೆಲ್ಲಗೆ ಎದ್ದು, ಪೆಟ್ಟಿಗೆಯ ಮುಂದೆ ಗಾಳಿಯಲ್ಲಿ ಯಾರದೋ ಗಲ್ಲ ಸವರಿತು.

"ಇಲ್ಲೇ ಅದಾಳಲ್ಲೋ ಕೂಸು" ಅಂದಳು.

ಗೆದ್ದೆನೆಂದು ಹೆಂಡತಿಯತ್ತ ತಿರುಗಿದೆ. ಅವಳು ಕಣ್ಣೊರೆಸಿಕೊಳ್ಳುತ್ತ ಸರದಿಯಲ್ಲಿ ನಿಂತಿದ್ದಳು.

ಅಜ್ಜಿ ಮಾತ್ರ ಸರದಿಗೆ ಒಪ್ಪಲಿಲ್ಲ. ಪೆಟ್ಟಿಗೆಯನ್ನು ದಿಂಬಿನ ಕೆಳಗೆ ಸೇರಿಸಿಬಿಟ್ಟಳು. ಅದನ್ನು ಕೇಳುವ ಬಾಯಿ ನನಗಿಲ್ಲ. ಅಂಥದ್ದು ಇನ್ನೊಂದು ಇಡೀ ಮುಂಬಯಿಯಲ್ಲಿ ಸಿಕ್ಕಿಲ್ಲ. "ಇನ್ನರ ಪ್ರಿಂಟಿನ ಫಿಲ್ಮ್ ಹಾಕ್ತೀರೋ ಇಲ್ಲೋ?" ಎಂದು ಹೆಂಡತಿ ಕೇಳುತ್ತಾಳೆ. "ಸ್ಲೈಡೇ" ಎನ್ನುತ್ತೇನೆ. ಆಮೇಲೆ ಒಬ್ಬನೇ ಮನೆಯ ಮುಂದಿನ ಗ್ಯಾಲರಿಗೆ ಹೋಗಿ, ಹೊಸ ಸ್ಲೈಡುಗಳನ್ನು ಆಕಾಶಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತೇನೆ. ಎಲ್ಲರೂ ಚಪಾತಿಯಂತೆ ಚಪ್ಪಟೆಯಾಗಿದ್ದಾರೆ. ಇದನ್ನು ಹೆಂಡತಿಗೆ ಹೇಳಿಲ್ಲ, ಹೇಳುವುದೂ ಇಲ್ಲ.