ಭವನದ ಚಾವಣಿ, ಬೋರಯ್ಯನ ಬಾಯಿ

ಹನುಮಂತರಾಜು: ಲೇ ಬೋರಯ್ಯ, ಆ ಸುಣ್ಣದ ಬಕೀಟು ಕೆಳಗಿಡು ಅಂದೆ. ಇಡ್ತೀಯೋ ಇಲ್ಲೋ?

ಬೋರಯ್ಯ: ಇನ್ನೊಂದ್ಸಲ ಬಳಿದ್ರೆ ಗೋಡೆ ಲಕಲಕ ಅಂತೈತೆ ಕಣಪ್ಪ. ಹನ್ನೊಂದು ಗಂಟೆಗೆ ವಿಮೆ ಸಾಹೇಬ್ರು ಬರ್ತಾರೆ.

ಹನುಮಂತರಾಜು: ಸಾಹೇಬ್ರು ಬರಾದು ಹಾಳಾಗಿದ್ದನ್ನ ನೋಡಕ್ಕೆ! ಹಾಳಾಗಿದ್ದಕ್ಕೆ ಯಾರಾದ್ರೂ ಸುಣ್ಣ ಹೊಡೀತಾರೇನೋ?

ಬೋರಯ್ಯ: ದೊಡ್ಡ ಮನುಷ್ಯರು ದುರ್ಗದಿಂದ ಬಸ್ ಹತ್ತಿ ಬರ್ತಾರೆ. ಅವರಿಗೆ ಹೊಲಸು ತೋರಿಸ್ಲಾ?

ಬೋರಯ್ಯ ಹದಿನಾಲ್ಕು ವರ್ಷದಿಂದ ಹೊಳಲ್ಕೆರೆಯ ಈ ಸಮುದಾಯ ಭವನದ ಮ್ಯಾನೇಜರು. ಮದುವೆ, ನಾಮಕರಣಕ್ಕೆ ತಾರೀಕು ಬರೆದುಕೊಳ್ಳುವುದು, ಬೀಗ ತೆಗೆಯುವುದು, ಪಾತ್ರೆ ಎಣಿಸಿ ಕೊಡುವುದು, ಬೀಗರ ಜಗಳ ಬಿಡಿಸುವುದು, ಎಲ್ಲವೂ ಅವನದೇ. ಭವನದ ಹಿಂದಿನ ಎರಡು ಕೋಣೆಗಳಲ್ಲಿ ಅವನೂ ಹೆಂಡತಿ ಮಲ್ಲಕ್ಕನೂ ಸಂಸಾರ ಹೂಡಿದ್ದರು. ತೊಂಬತ್ತೆಂಟನೇ ಇಸವಿಯ ಮೇ ತಿಂಗಳಲ್ಲಿ ಒಂದು ಬಿರುಗಾಳಿ ಬಂತು ನೋಡಿ, ಊಟದ ಹಾಲಿನ ತಗಡಿನ ಚಾವಣಿಯನ್ನು ಪೂರ್ತಿ ಕಿತ್ತು ಎಸೆದುಬಿಟ್ಟಿತು. ಒಂದು ತಗಡಂತೂ ಚಿಕ್ಕಜಾಜೂರು ರಸ್ತೆಯಲ್ಲಿ ಸಿಕ್ಕಿತು.

ಭವನಕ್ಕೆ ವಿಮೆ ಇತ್ತು, ಪುಣ್ಯ. ಆದರೆ ಸಮಿತಿಯ ಅಧ್ಯಕ್ಷ ದೊಡ್ಡತಿಮ್ಮಪ್ಪನವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ವಿಮೆಯಲ್ಲಿ ಬರಬೇಕಾದ್ದನ್ನು ಪೂರ್ತಿ ವಸೂಲಿ ಮಾಡಿಕೊಂಡು ಆಷಾಢ ಕಳೆಯುವುದರೊಳಗೆ ಚಾವಣಿ ಹಾಕಿಸು, ಇಲ್ಲವೆ ಬೀಗದಕೈ ಕೊಟ್ಟು ಕೋಣೆ ಖಾಲಿ ಮಾಡು. ಇದನ್ನು ಕೇಳಿದ ಮಲ್ಲಕ್ಕ, ಗಂಡನಿಗೆ ತಿಳಿಸದೆ, ಅವನ ಬಾಲ್ಯದ ಗೆಳೆಯ ಹನುಮಂತರಾಜುವಿಗೆ ಹೇಳಿ ಕಳಿಸಿದಳು. ಈ ಹನುಮಂತರಾಜು ಚಿತ್ರದುರ್ಗದ ಒಂದು ವಿಮೆ ಆಫೀಸಿನಲ್ಲಿ ಮೂವತ್ತು ವರ್ಷ ಕ್ಲೇಮಿನ ಕಾಗದ ನೋಡಿ ರಿಟೈರಾದವನು. ಈಗ ಯಾರ ಅಂಗಡಿ ಸುಟ್ಟರೂ, ಯಾರ ಗೋಡೌನು ನೆನೆದರೂ ಅವರ ಕಡೆಯಿಂದ ಕೂತು ಕಾಗದ ಬರೆದು ಮಾತಾಡುವುದೇ ಅವನ ಕಸುಬು.

ಹನುಮಂತರಾಜು: ಮುರಿದ ತಗಡೆಲ್ಲ ಎಲ್ಲೋ?

ಬೋರಯ್ಯ: ಎಸೀರಿ ಅಂದೆ. ಬಾಗಿಲಲ್ಲೇ ಬಿದ್ದು ಅಸಹ್ಯ ಕಾಣ್ತಿದ್ವು.

ಹನುಮಂತರಾಜು: ನೆನೆದು ಉಬ್ಬಿದ ಬೆಂಚು?

ಬೋರಯ್ಯ: ಉಗ್ರಾಣಕ್ಕೆ ಹಾಕಿಸ್ದೆ. ಇವು ಇಸ್ಕೂಲಿನವು, ಕೇಳಿ ಇಸ್ಕಂಡು ಬಂದೆ.

ಹನುಮಂತರಾಜು: ಗೋಡೆ ಬಿರುಕು?

ಬೋರಯ್ಯ: (ಬ್ರಷ್ ಎತ್ತಿ ಹಿಡಿದು) ಕಂಡುಹಿಡಿ ನೋಡಾಣ!

ಹನುಮಂತರಾಜು: ಶಿವನೇ! ಮೇಲೆ ಆಕಾಶ ಕಾಣ್ಬೇಕಲ್ಲ, ಅದೇನೋ ಅದು ಕೆಂಪು ಹಳದಿ?

ಬೋರಯ್ಯ: ಕಾಟಪ್ಪನ ಅಂಗಡಿ ಶಾಮಿಯಾನ. ಸಾಹೇಬ್ರ ತಲೆ ಮೇಲೆ ಬಿಸಿಲು ಬೀಳಬಾರ್ದಲ್ಲ.

ಹನುಮಂತರಾಜು ಇಸ್ಕೂಲಿನ ಬೆಂಚಿನ ಮೇಲೆ ಕುಸಿದು ತಲೆ ಮೇಲೆ ಕೈ ಹೊತ್ತುಕೊಂಡ. ಗೆಳೆಯನಿಗೆ ಬಿಸಿಲು ಬಡಿಯಿತೇನೋ ಎಂದು ಬೋರಯ್ಯ ನೀರು ತಂದುಕೊಟ್ಟ.

ಹನುಮಂತರಾಜು: ಹೋಗ್ಲಿ. ಗಾಳಿ ಬಂದ ಮಾರನೇ ದಿನವೇ ಫೋಟೋ ತೆಗೆಸಿದ್ಯಂತಲ್ಲ, ತಾ.

ಫೋಟೋ ಬಂತು. ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ ಸಮಿತಿಯ ಹನ್ನೊಂದು ಜನ ಸಾಲಾಗಿ ನಿಂತಿದ್ದರು. ನಡುವೆ ದೊಡ್ಡತಿಮ್ಮಪ್ಪನವರು, ಪೇಟ ಕಟ್ಟಿಕೊಂಡು.

ಹನುಮಂತರಾಜು: ಬಿರುಕು ಬಿಟ್ಟ ಗೋಡೆ ಎಲ್ಲೈತೋ ಇದರಾಗೆ?

ಬೋರಯ್ಯ: ಯಜಮಾನ್ರ ಹಿಂದೆ ಐತೆ.

ಹನುಮಂತರಾಜು: ಅವರಿಗೆ ಪಕ್ಕಕ್ಕೆ ಸರೀರಿ ಅನ್ನಬಾರ್ದಿತ್ತಾ?

ಬೋರಯ್ಯ: ಅಧ್ಯಕ್ಷರಿಗೆ ಸರೀರಿ ಅಂತಾರೇನೋ ಯಾರಾದ್ರೂ?

ಹನುಮಂತರಾಜು: ಕಂಪನಿಗೆ ಏನಂತ ಕಾಗದ ಬರ್ದೆ? ಕಾರ್ಬನ್ ಕಾಪಿ ಐತಾ? ಕೊಡಿಲ್ಲಿ. (ಓದುತ್ತ) “ತಮ್ಮ ಆಶೀರ್ವಾದದಿಂದ ನಾವೆಲ್ಲರೂ ಕ್ಷೇಮ. ಮೊನ್ನೆ ಸ್ವಲ್ಪ ಗಾಳಿ ಬಂದು ನಾಲ್ಕಾರು ತಗಡು ಅಲುಗಾಡಿರುತ್ತವೆ. ತಮಗೆ ಬಿಡುವಿದ್ದಲ್ಲಿ ಈ ಕಡೆ ಬಂದು ಹೋಗುವುದು.” ಲೇ, ಇದು ಕ್ಲೇಮಿನ ಅರ್ಜಿಯೋ, ಬೀಗರಿಗೆ ಬರೆದ ಓಲೆಯೋ?

ಬೋರಯ್ಯ: ಇನ್ನೇನು, ಜಾಸ್ತಿ ಹೇಳಿ ಸುಳ್ಳುಗಾರ ಅನ್ನಿಸ್ಕಳ್ಳಾ?

ಹನುಮಂತರಾಜು: ಅರವತ್ತು ಚಿಲ್ಲರೆ ತಗಡು ಹಾರೋದ್ವು. ನಾಲ್ಕಾರು ಅಂದೋನು ಸುಳ್ಳುಗಾರ ಅಲ್ಲವೇನೋ?

ಬೋರಯ್ಯ ಪೆಚ್ಚಾದ. ಜಾಸ್ತಿ ಹೇಳುವುದೊಂದೇ ಸುಳ್ಳು, ಕಮ್ಮಿ ಹೇಳುವುದು ಒಳ್ಳೆಯತನ ಎಂದು ಅವನು ಐವತ್ತೆಂಟು ವರ್ಷದಿಂದ ನಂಬಿಕೊಂಡು ಬಂದಿದ್ದ. ಅಷ್ಟರಲ್ಲಿ ಮಲ್ಲಕ್ಕ ಮಜ್ಜಿಗೆ ಹಿಡಿದು ಬಂದಳು.

ಮಲ್ಲಕ್ಕ: ಯಾರು ಏನ್ ಕೇಳಿದ್ರೂ ಇವರದ್ದು ಒಂದೇ ಪಾಠ ಅಣ್ಣ, ಏನೂ ಆಗಿಲ್ಲ, ಏನೂ ಆಗಿಲ್ಲ. ಗಾಳಿ ದಿನ ಕಾಲಿಗೆ ತಗಡು ಬಡಿದು ರಕ್ತ ಸುರೀತಿತ್ತು. ಡಾಕ್ಟ್ರ ಹತ್ರಾನೂ ಏನೂ ಆಗಿಲ್ಲ ಅಂದ್ರು! ಅದಕ್ಕೇ ನಿಮ್ಮನ್ನ ಕರೆಸಿದ್ದು. ಇವತ್ತು ನೀವು ಮಾತಾಡ್ರಿ.

ಬೋರಯ್ಯ: ಅವನಿಗೆ ಫೀಜು ಬೇರೆ ಕೊಡಬೇಕಂತೆ! ದುಡ್ಡು ಕೊಟ್ಟು ಬಾಯಿ ಬಾಡಿಗೆಗೆ ತರಾದಾ? ನಂಗೇನು ಬಾಯಿಲ್ವಾ?

ಹನುಮಂತರಾಜು: ಐತಲ್ಲ, ಅದೇ ತೊಂದ್ರೆ.

ಬೋರಯ್ಯ: ಕಂಪನಿಯೋರೇ ಓದಿದ ಸರ್ವೇಯರನ್ನ ಕಳಿಸ್ತಾರೆ. ಎಲ್ಲಾ ಅವರೇ ಬರ್ಕಂತಾರೆ. ಮತ್ತೆ ನೀನ್ಯಾಕೆ?

ಹನುಮಂತರಾಜು: ಹದಿನಾಲ್ಕು ವರ್ಷ ಇಲ್ಲಿ ಮದುವೆ ನೋಡಿದೋನು ನೀನು. ಮಾತುಕತೆ ದಿನ ಗಂಡಿನ ಕಡೆಯೋರೇ ಎರಡೂ ಕಡೆಗೂ ಮಾತಾಡಿದ್ದು ಕಂಡೀಯಾ?

ಬೋರಯ್ಯ: ಎಲ್ಲಾದ್ರೂ ಉಂಟಾ? ಹೆಣ್ಣಿನ ಕಡೆಗೂ ಒಬ್ಬ ಸೋದರಮಾವ ಕುಂತ್ಕಂತಾನೆ.

ಹನುಮಂತರಾಜು: ನಾನೇ ಆ ಸೋದರಮಾವ ಅನ್ಕ.

ಬೋರಯ್ಯ: ಸೋದರಮಾವ ಫೀಜು ಇಸ್ಕಳಲ್ಲ.

ಹನುಮಂತರಾಜು: ಪಂಚೆ ಶಲ್ಯ ಇಸ್ಕಂತಾನಲ್ಲ! ಮೇಲೆ ಮೊದಲ ಪಂಕ್ತಿ ಊಟ, ಎರಡು ಸಲ ಹೋಳಿಗೆ!

ಮಲ್ಲಕ್ಕ: (ಇಬ್ಬರ ನಡುವೆ ಬಂದು) ಹೋಳಿಗೆ ಆಮೇಲೆ. ಈ ಕೋಣೆ ಬಿಟ್ಟು ನಾವಿಬ್ರೂ ಎಲ್ಲಿಗೆ ಹೋಗಾಣ? ಅದೊಂದು ಹೇಳ್ರಿ ನೀವು.

ಬೋರಯ್ಯ ಬ್ರಷ್ಷನ್ನು ಬಕೀಟಿಗೆ ಹಾಕಿದ. ಹೋಗಲು ಎಲ್ಲಿತ್ತು ಜಾಗ? ತಾಳ್ಯದಲ್ಲಿದ್ದ ಹಳೇ ಮನೆ ತಮ್ಮನ ಪಾಲಾಗಿತ್ತು. ಗಾಳಿ ಬಂದ ಮೇಲಿನ ಈ ಹನ್ನೆರಡು ದಿನದಿಂದ ಅವನಿಗೆ ನಿಜಕ್ಕೂ ಹೆದರಿಕೆಯಾಗಿತ್ತು, ಆ ಹೆದರಿಕೆಗೂ ಅವನು ಸುಣ್ಣವನ್ನೇ ಬಳಿಯುತ್ತಿದ್ದ.

ಬೋರಯ್ಯ: ಆತು ರಾಜು. ನೀನೇ ಮಾತಾಡು. ನಾನು ಬಾಯಿ ಬಿಡಲ್ಲ.

ಹನ್ನೊಂದೂಕಾಲಿಗೆ ಸರ್ವೇಯರ್ ಲಕ್ಷ್ಮೀಕಾಂತ್ ಬಂದರು. ಕೈಯಲ್ಲಿ ಟೇಪು, ಕಂಕುಳಲ್ಲಿ ನೋಟ್‌ಬುಕ್ಕು, ಮುಖದಲ್ಲಿ ಒಳ್ಳೆಯತನ.

ಲಕ್ಷ್ಮೀಕಾಂತ್: ನಮಸ್ಕಾರ. ಹೆಂಗಿದೀರಿ? ಗಾಳಿಗೆ ಭಾಳ ನಷ್ಟ ಆತಾ?

ಬೋರಯ್ಯ ತುಟಿ ಕಚ್ಚಿಕೊಂಡ. ಆದರೆ ಮನೆಗೆ ಬಂದವರು ಕ್ಷೇಮ ವಿಚಾರಿಸಿದಾಗ ಸುಮ್ಮನೆ ನಿಲ್ಲುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಬೋರಯ್ಯ: ಏನೂ ಆಗಿಲ್ಲ ಸಾರ್, ತಮ್ಮ ದಯೆ! ಬರ್ರಿ, ಕುಂತ್ಕಳ್ರಿ, ಮಜ್ಜಿಗೆ ಕುಡೀರಿ.

ಲಕ್ಷ್ಮೀಕಾಂತ್: (ಬರೆದುಕೊಳ್ಳುತ್ತ) ಏನೂ... ಆಗಿಲ್ಲ...

ಹನುಮಂತರಾಜು: ಸಾರ್ ಸಾರ್, ಅದನ್ನ ಬರ್ಕಬೇಡ್ರಿ! ಅದು ಉತ್ತರ ಅಲ್ಲ, ಮರ್ಯಾದೆ!

ಲಕ್ಷ್ಮೀಕಾಂತ್: ನೀವ್ಯಾರ್ರಿ?

ಹನುಮಂತರಾಜು: ಭವನದ ಕಡೆಯೋನು. ಏನ್ ಕೇಳಾದಿದ್ರೂ ನನ್ನ ಕೇಳ್ರಿ.

ಲಕ್ಷ್ಮೀಕಾಂತ್: ಕೇಳಾದೇನು, ನಾನು ಕಂಡಿದ್ದನ್ನ ಬರೆಯೋನು. ಕಾಣದ್ದನ್ನ ಹೆಂಗ್ರಿ ಬರೀಲಿ? ಗೋಡೆ ಹೊಸದು, ಬೆಂಚು ಗಟ್ಟಿ, ಮೇಲೆ ಶಾಮಿಯಾನ ಭಾಳ ಚೆನ್ನಾಗೈತೆ.

ಹನುಮಂತರಾಜು ಹಗ್ಗ ಹಿಡಿದು ಜಗ್ಗಿದ. ಶಾಮಿಯಾನ ದಬಕ್ಕನೆ ಬಿತ್ತು. ಆಕಾಶ ಕಂಡಿತು, ಸೊಟ್ಟಗಾದ ಕಬ್ಬಿಣದ ತೊಲೆಗಳು ಕಂಡವು, ಬೋರಯ್ಯ ಮಾತ್ರ ಕಾಣಲಿಲ್ಲ.

ಬೋರಯ್ಯ: (ಶಾಮಿಯಾನದೊಳಗಿಂದ) ಏನೂ ಆಗಿಲ್ಲ ಸಾರ್!

ಮಲ್ಲಕ್ಕ ಗಂಡನನ್ನು ಬಿಡಿಸಲು ಹೋಗಲಿಲ್ಲ. ಒದ್ದೆ ಗೋಣಿಚೀಲ ತಂದು ಆರದ ಸುಣ್ಣದ ಮೇಲೆ ಬರಬರ ಎಳೆದಳು. ಗೋಡೆಯ ನೆತ್ತಿಯಿಂದ ನೆಲದವರೆಗೆ ಬಿರುಕು ಕಾಣಿಸಿಕೊಂಡಿತು. ಆಮೇಲೆ ಉಗ್ರಾಣದ ಬೀಗ ತೆಗೆದು ಉಬ್ಬಿದ ಬೆಂಚುಗಳನ್ನು ತೋರಿಸಿದಳು.

ಮಲ್ಲಕ್ಕ: ತಗಡು ನೀರಿನ ತೊಟ್ಟಿ ಹಿಂದೆ ಅವೆ, ಬರ್ರಿ ಸಾರ್. ಎಸಿ ಅಂದ್ರು ಇವರು, ನಾನು ಎಸೀಲಿಲ್ಲ.

ಹನುಮಂತರಾಜು: ಲೇ, ನಾನು ಬರದಿದ್ರೂ ಈ ನಮ್ಮವ್ವ ಒಬ್ಳೇ ಸಾಕಾಗಿತ್ತು ಕಣೋ!

ಒಂದೊಂದಾಗಿ ತಗಡು ಎಣಿಸಿದರು. ಹನುಮಂತರಾಜು ಬೆಂಚು ಬರೆಸಿದ, ತೊಲೆ ಅಳೆಸಿದ, ಬಿರುಕಿಗೆ ಟೇಪು ಹಿಡಿಸಿದ. ಆಗಿದ್ದಕ್ಕಿಂತ ಒಂದಂಗುಲ ಜಾಸ್ತಿ ಬರೆಸಲಿಲ್ಲ, ಒಂದಂಗುಲ ಬಿಡಲೂ ಇಲ್ಲ.

ಲಕ್ಷ್ಮೀಕಾಂತ್: ತಗಡು ಒಟ್ಟು ಅರವತ್ತೆರಡು.

ಬೋರಯ್ಯ: (ಅಷ್ಟು ಹೊತ್ತಿಗೆ ಹೊರಗೆ ಬಂದು) ಅರವತ್ತು ಅಂತ ಬರ್ಕಳ್ರಿ ಸಾರ್. ಪಾಪ, ಬಿಸಿಲಾಗೆ ಬಂದೀರಿ. ನಮ್ಮ ಕಡೆಯಿಂದ ಎರಡು ಬಿಟ್ವಿ.

ಹನುಮಂತರಾಜು: ಬಿಡಕ್ಕೆ ಅದೇನು ನಿಮ್ಮನೆ ಮಜ್ಜಿಗೆಯೇನೋ!

ಲಕ್ಷ್ಮೀಕಾಂತ್ ನಗು ತಡೆದುಕೊಂಡು ಅರವತ್ತೆರಡೇ ಬರೆದರು. ಎಲ್ಲ ಸಾಲಿನ ಕೆಳಗೂ ಹನುಮಂತರಾಜುವಿನ ರುಜು ಹಾಕಿಸಿ, ರಿಪೋರ್ಟು ಇದ್ದದ್ದಿದ್ದಂತೆ ಹೋಗುತ್ತದೆ, ಚಾವಣಿಗೆ ಚಿಂತೆ ಬೇಡ ಎಂದು ಹೇಳಿ ಮಜ್ಜಿಗೆ ಕುಡಿದು ಹೊರಟರು. ಬೋರಯ್ಯ ಅವರನ್ನು ಬಸ್ ಹತ್ತಿಸಿ ಬರುವಷ್ಟರಲ್ಲಿ ದೊಡ್ಡತಿಮ್ಮಪ್ಪನವರು ಭವನದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ದೊಡ್ಡತಿಮ್ಮಪ್ಪ: ಎಲ್ಲಾ ಕೇಳ್ದೆ ಕಣಪ್ಪ. ಚಾವಣಿ ಆಗ್ತೈತೆ, ಸಂತೋಷ. ಈಗ ನಿನ್ನ ವಿಚಾರ. ಕೆಲಸದಾಗೆ ಮುಂದುವರಿಸಾಣ ಅಂತಿದೀನಿ. ಸಂಬಳ ಗಿಂಬಳ ಏನಂತೀಯ, ಹೇಳು.

ಬೋರಯ್ಯನ ಬಾಯಿ ತೆರೆಯಿತು. “ಏನೂ ಬೇಡ ಯಜಮಾನ್ರೇ” ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಬಾಯನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಗೆಳೆಯನ ಕಡೆ ತಿರುಗಿದ.

ಬೋರಯ್ಯ: ನನ್ನ ಕಡೆಯಿಂದ ಇವನು ಮಾತಾಡ್ತಾನೆ ಯಜಮಾನ್ರೇ. ಕುಂತ್ಕಳಪ್ಪ ರಾಜು.

ಹನುಮಂತರಾಜು ಬೆಂಚು ಎಳೆದುಕೊಂಡು, ಕನ್ನಡಕ ಒರೆಸಿ, ಪೆನ್ನಿನ ಮುಚ್ಚಳ ತೆಗೆದ. ಅವನನ್ನು ನೋಡಿ ದೊಡ್ಡತಿಮ್ಮಪ್ಪನವರಿಗೆ ದಿಗಿಲಾಯಿತು. ಅತ್ತ ಇತ್ತ ಕಣ್ಣಾಡಿಸಿದರು.

ದೊಡ್ಡತಿಮ್ಮಪ್ಪ: ತಡೀಪ್ಪ ತಡಿ. ಹಂಗಾದ್ರೆ ನನ್ನ ಕಡೆಗೂ ಒಬ್ರು ಬೇಕು. ಮಲ್ಲಕ್ಕ, ಬಾರಮ್ಮ ಇಲ್ಲಿ! ಸಮಿತಿ ಕಡೆಯಿಂದ ನೀನು ಮಾತಾಡು.

ಮಲ್ಲಕ್ಕ ಕೈಯ ಸುಣ್ಣವನ್ನು ಸೆರಗಿಗೆ ಒರೆಸಿಕೊಂಡು ಬಂದು, ಗಂಡನ ಎದುರಿಗೇ, ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು.

ಮಲ್ಲಕ್ಕ: ಎಷ್ಟು ಕೇಳ್ತಾರೋ ಅಷ್ಟೂ ಕೊಡ್ತೀವಿ ಅಣ್ಣ, ಚೌಕಾಸಿಯಿಲ್ಲ. ಆದ್ರೆ ಸಮಿತಿದು ಒಂದೇ ಷರತ್ತು. ಸಂಬಳ ಇವರ ಕೈಗೆ ಕೊಡಲ್ಲ, ಹೆಂಡ್ತಿ ಕೈಗೆ ಕೊಡ್ತೀವಿ.