ಭಾನುವಾರಕ್ಕೊಂದು ದೇಶ ತರುವ ಬೀಗರು

ನಮ್ಮ ಬೀಗರಷ್ಟು ಪ್ರಪಂಚ ಸುತ್ತಿದವರು ಯಳಂದೂರಿನಲ್ಲಿ ಇನ್ನೊಬ್ಬರಿಲ್ಲ. ಅವರು ಈ ಕಡೆ ಕೊಳ್ಳೇಗಾಲವನ್ನೂ ಆ ಕಡೆ ಚಾಮರಾಜನಗರವನ್ನೂ ದಾಟಿಲ್ಲ ಎನ್ನುವುದು ಬೇರೆ ಮಾತು. ಅದೊಂದು ಕೊರತೆಯೇ? ಒಮ್ಮೆ ಹನೂರು ನೋಡಿ ಬಂದದ್ದುಂಟು. ಆದರೆ ಅದು ಅವರು ಹೋದದ್ದಲ್ಲ, ಬಸ್ಸು ಹೋದದ್ದು.

ಬೀಗರೆಂದರೆ ನನ್ನ ಸೊಸೆಯ ತಂದೆ, ಮೈಸೂರು ಸೀಮೆಯ ನಿವೃತ್ತ ಮೇಷ್ಟ್ರು. ನಾನು ಕೊಳ್ಳೇಗಾಲದ ಮಗ್ಗುಲ ಹಳ್ಳಿಯಲ್ಲಿ ರೇಷ್ಮೆ ಸೀರೆ ನೇಯುವವನು. ಓದು ಅಷ್ಟಕ್ಕಷ್ಟೆ. ನಮ್ಮ ಊರಿಗೂ ಅವರ ಊರಿಗೂ ನಡುವೆ ಬಸ್ಸಿನಲ್ಲಿ ಒಂದು ತೂಕಡಿಕೆಯಷ್ಟು ದೂರ. ಆದರೆ ರಾಜ್ಯಗಳು ಒಂದಾಗುವ ಮುಂಚಿನ ಆ ದಿನಗಳಲ್ಲಿ ನಮ್ಮದು ಮದರಾಸಿನ ಆಡಳಿತ, ಅವರದು ಮೈಸೂರಿನದು. ಸರ್ಕಾರ ಬೇರೆ, ಪಾಠ ಬೇರೆ, ಮಕ್ಕಳ ರಜೆ ಕೂಡ ಬೇರೆ!

ಯಳಂದೂರಿನ ವಾಚನಾಲಯಕ್ಕೆ ಯಾವುದೋ ಮಾಸಪತ್ರಿಕೆ ಬರುತ್ತಿತ್ತು. ಯಾವ ದೇಶದಲ್ಲಿ ಮಕ್ಕಳಿಗೆ ಹೇಗೆ ಪಾಠ ಹೇಳುತ್ತಾರೆಂದು ಅದರಲ್ಲಿ ಬರೆಯುತ್ತಿದ್ದರು. ಬೀಗರು ಅದನ್ನು ಓದಿ, ಭಾನುವಾರಕ್ಕೊಂದು ದೇಶದಂತೆ ನಮ್ಮ ಮನೆಗೆ ತರುತ್ತಿದ್ದರು. ಗಡಿಯ ಸುಂಕದ ಕಟ್ಟೆಯಲ್ಲಿ ಜವಾನ ಒಮ್ಮೆ ಕೇಳಿದನಂತೆ:

"ಚೀಲ್ದಲ್ಲಿ ಏನೈತೆ ಮೇಷ್ಟ್ರೇ?"

"ಒಂದು ಶಿಕ್ಷಣ ಪದ್ಧತಿ ಇದೆಯಪ್ಪ."

ಅವನು ಸ್ವಲ್ಪ ಯೋಚಿಸಿ, ಅದಕ್ಕೆ ಸುಂಕವಿಲ್ಲವೆಂದು ಬಿಟ್ಟುಬಿಟ್ಟ.

ಇಷ್ಟೆಲ್ಲ ಯಾರಿಗಾಗಿ? ನಮ್ಮಿಬ್ಬರ ಮೊಮ್ಮಗಳಿಗಾಗಿ. ಹೆಸರು ಗೌರಿ, ಎರಡನೇ ಕ್ಲಾಸು. ಮನೆಯಲ್ಲಿ ಅವಳ ಬಾಯಿ ಮುಚ್ಚಿಸಲು ಮಗ್ಗದ ಸದ್ದಿಗೂ ಸಾಧ್ಯವಿಲ್ಲ. ಶಾಲೆಯಲ್ಲಿ ಮಾತ್ರ ತುಟಿ ಬಿಚ್ಚುವುದಿಲ್ಲ. ಆ ವರ್ಷವೇ ಮದರಾಸಿನವರು ಹಳ್ಳಿ ಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದರ್ಧ ಅಪ್ಪನ ಕಸುಬು ಎಂಬ ಹೊಸ ಏರ್ಪಾಡು ತಂದಿದ್ದರು. ನನ್ನ ಮಗನಿಗೆ ಅಷ್ಟೇ ಸಾಕಾಯಿತು.

"ಶಾಲೇಲಿ ಬಾಯೇ ಬುಡಾಕಿಲ್ವಂತೆ ಕಣಪ್ಪ. ಅರ್ಧ ದಿನ ಅಲ್ಲೋಗಿ ಸುಮ್ಕೆ ಕೂರಾದ್ಕಿಂತ ಪೂರಾ ದಿನ ರಾಟೆ ಮುಂದೆ ಕುಂತು ನೂಲು ಸುತ್ಲಿ. ಇನ್‌ಸ್ಪೆಕ್ಟ್ರು ಬಂದಾಗ ಉತ್ರ ಹೇಳುದ್ರೆ ಮೂರ್ನೇ ಕ್ಲಾಸು, ಇಲ್ದಿದ್ರೆ ರಾಟೆ."

ಬೀಗರು ಕೋಟಿನ ಗುಂಡಿ ಹಾಕಿಕೊಂಡರು. ಅವರು ಯುದ್ಧಕ್ಕೆ ನಿಲ್ಲುವುದು ಹಾಗೆ.

ಮೊದಲು ಬಂದದ್ದು ಮಕ್ಕಳನ್ನು ಸಾಲಾಗಿ ಕೂರಿಸದ ದೇಶ. "ಅಲ್ಲಿ ಎಲ್ಲರೂ ದುಂಡಗೆ ಕೂರ್ತಾರೆ ಬೀಗರೇ, ಮುಂದಿನೋರು ಹಿಂದಿನೋರು ಅನ್ನೋದೇ ಇಲ್ಲ!" ಊಟಕ್ಕೂ ಅದೇ ನಿಯಮ. ನಮ್ಮದು ಕುಣಿ ಮಗ್ಗದ ಮನೆ, ದುಂಡಗೆ ಕೂರಲು ಜಾಗವೆಲ್ಲಿ? ದುಂಡು ಪೂರ್ತಿಯಾಗಬೇಕಾದರೆ ಒಬ್ಬರು ಮಗ್ಗದ ಕುಣಿಯೊಳಗೆ ಇಳಿಯಬೇಕು. ನಾನು ಇಳಿದೆ. ನಮ್ಮವಳು ಬಗ್ಗಿ ಬಗ್ಗಿ ನನ್ನ ತಲೆಯ ಮೇಲೇ ಸಾರು ಬಡಿಸಿದಳು. ಬೀಗರು ಸಮಾನತೆ ಬಂತೆಂದರು.

ಆಮೇಲೆ ಯಾರಿಗೂ 'ತಪ್ಪು' ಎನ್ನದ ದೇಶ ಬಂತು. ತಪ್ಪು ಎಂದರೆ ಮಗುವಿನ ಮನಸ್ಸು ಮುದುಡುತ್ತದಂತೆ. ನಮ್ಮವಳು ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದ್ದಳು. ಬೀಗರು ತಿಂದು, ನೀರು ಕುಡಿದು, "ಒಳ್ಳೇ ಪ್ರಯತ್ನ ತಾಯಿ" ಎಂದರು. ಅಂದು ಸಂಜೆ ಊರಿಗೆ ಹೊರಟವರು ಯಳಂದೂರಿಗೆ ತಲುಪಲಿಲ್ಲ. ಮರುದಿನ ಹನೂರಿನಿಂದ ಬಂದಿಳಿದರು.

"ಏನ್ ಬೀಗರೇ, ಬೋರ್ಡು ನೋಡ್ಲಿಲ್ವಾ?"

"ಮಾತಾಡ್ತಾ ಹತ್ತಿಬಿಟ್ಟೆ. ಅರ್ಧ ದಾರೀಲಿ ಗೊತ್ತಾಯ್ತು."

"ಡ್ರೈವ್ರಿಗೆ ಯೋಳಾದಲ್ವಾ?"

"ತಪ್ಪು ಅನ್ನೋ ಹಾಗಿಲ್ವಲ್ಲ! 'ಚೆನ್ನಾಗಿ ಓಡಿಸ್ತಿದ್ದೀರಿ, ಇನ್ನೊಂದು ಸಲ ಯೋಚನೆ ಮಾಡಿ' ಅಂದೆ. ಅವರು ಯೋಚನೆ ಮಾಡಲಿಲ್ಲ."

ಗೌರಿ ಹೊಟ್ಟೆ ಹಿಡಿದು ನಕ್ಕಳು. ಶಾಲೆಗೆ ಹೋಗಿ ಮತ್ತೆ ತುಟಿ ಮುಚ್ಚಿದಳು. ಇನ್‌ಸ್ಪೆಕ್ಟರ್ ಬರುವ ದಿನ ಹತ್ತಿರವಾಯಿತು. ಬೀಗರು ಕೊನೆಯ ದೇಶವನ್ನು ತಂದರು.

"ಅಲ್ಲಿ ಮಗುವೇ ಮೇಷ್ಟ್ರು, ದೊಡ್ಡೋರೇ ವಿದ್ಯಾರ್ಥಿ. ಆದರೆ ಅದಕ್ಕೊಬ್ಬ ಒಳ್ಳೇ ದಡ್ಡ ಬೇಕು." ಮನೆಯನ್ನೆಲ್ಲ ನೋಡಿದರು. ಕಣ್ಣು ನನ್ನ ಮೇಲೆ ನಿಂತಿತು.

"ಇನ್ಯಾರೂ ಸಿಕ್ನಿಲ್ವಾ?"

"ನಿಮ್ಮಷ್ಟು ಚೆನ್ನಾಗಿರೋರು ಸಿಗಲಿಲ್ಲ ಬೀಗರೇ."

ಮರುದಿನ ಮಧ್ಯಾಹ್ನದ ಕಸುಬಿನ ಹೊತ್ತಿನಲ್ಲಿ, ಊರಿಗೆ ಹೋಗದೆ ಉಳಿದಿದ್ದ ಬೀಗರ ಎದುರಿಗೆ, ನನಗೆ ಪಾಠ ಶುರುವಾಯಿತು. ಗೌರಿ ಮಗ್ಗದ ಕೋಲೊಂದನ್ನು ಕೈಗೆತ್ತಿಕೊಂಡು ನಿಂತಳು. ನಾನು "ಏನವ್ವಾ ಪಾಠ?" ಎಂದೆ. ಕೋಲು ಗೋಡೆಗೆ ಬಡಿಯಿತು.

"ಯಾರ್ಲಾ ಮಾತಾಡಿದ್ದು? ಬಾಯ್ಮುಚ್ಚು! ಮಾತಾಡುದ್ರೆ ಕೈ ಮುರೀತೀನಿ!"

ಅದು ಅವಳ ದನಿಯಲ್ಲ. ದಿನವೂ ಶಾಲೆಯಲ್ಲಿ ಕೇಳಿಸಿಕೊಂಡು ಬರುತ್ತಿದ್ದ ದನಿ. ನಾನು ಬೀಗರ ಮುಖ ನೋಡಿದೆ. ಅವರು ಕೋಟಿನ ಗುಂಡಿ ಬಿಚ್ಚುತ್ತಿದ್ದರು. ಎದ್ದು ಹೋಗಿ, ಕೋಲನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡರು.

"ಈ ದೇಶದಲ್ಲಿ ಕೋಲಿಲ್ಲ ಮೇಷ್ಟ್ರೇ. ದಡ್ಡನ ಪಕ್ಕದಲ್ಲಿ ಕೂತ್ಕೊಂಡು ಹೇಳ್ಕೊಡಬೇಕು."

ಆಮೇಲೆ ಅವಳು ದಿನವೂ ನನ್ನ ತೊಡೆಗೆ ಅಂಟಿ ಕೂತು ಹೇಳಿಕೊಟ್ಟಳು.

ಇನ್‌ಸ್ಪೆಕ್ಟರ್ ಬಂದರು. ಭಾನುವಾರವಲ್ಲದಿದ್ದರೂ ಅಂದು ಬೀಗರು ನಮ್ಮ ಮನೆಗೆ ಬಂದು ಕೂತಿದ್ದರು. ಬೆಳಿಗ್ಗೆ ಶಾಲೆಯಲ್ಲಿ ಪ್ರಶ್ನೆ ಕೇಳಿದರೆ ಗೌರಿ ನೆಲ ನೋಡಿದಳಂತೆ. ಮಧ್ಯಾಹ್ನ ಮಕ್ಕಳ ಕಸುಬು ನೋಡಲು ಮನೆಮನೆಗೆ ಹೊರಟವರು ನಮ್ಮಲ್ಲಿಗೂ ಬಂದು, ಮತ್ತೆ ಕೇಳಿದರು. ಅವಳು ನೂಲು ಸುತ್ತುತ್ತಾ ರಾಟೆ ನೋಡಿದಳು. ನನ್ನ ಮಗ ನನ್ನನ್ನು ನೋಡಿದ. ಬೀಗರು ಮಾತ್ರ ಸಾವಕಾಶವಾಗಿ, "ಏನ್ ಬೀಗರೇ, ಇವತ್ತಿನ ಪಾಠ ಓದಿದ್ರಾ?" ಎಂದರು.

ನಾನು ಗೌರಿ ಪಾಠ ಬರೆದುಕೊಟ್ಟಿದ್ದ ಸ್ಲೇಟು ಹಿಡಿದು, ಗಂಟಲು ಸರಿಮಾಡಿಕೊಂಡು ಓದಿದೆ: "ಹಸು ಹುಲ್ಲು ತಿನ್ನುತ್ತದೆ."

ಅದು ನಿನ್ನೆಯ ಪಾಠ! ನೇಯುವವನ ಕೈಗೆ ಒಂದು ಅಂಚು ಒಮ್ಮೆ ಕೂತರೆ, ಮರುದಿನವೂ ತಾನಾಗಿ ಅದೇ ಬರುತ್ತದೆ. ನನ್ನ ಬಾಯಿಗೂ ಅದೇ ಅಭ್ಯಾಸ. ಇನ್‌ಸ್ಪೆಕ್ಟರ್ ತಿದ್ದಲು ಹೊರಟರು. ಬೀಗರು ಅವರ ತೋಳು ಹಿಡಿದುಬಿಟ್ಟರು.

"ಸ್ವಾಮಿ, ಅವರ ಮೇಷ್ಟ್ರು ಇಲ್ಲೇ ಇದ್ದಾರೆ."

ರಾಟೆ ನಿಂತಿತು.

"ಅಯ್ಯೋ ತಾತ! ಅಸೂ ಇಲ್ಲ, ಉಲ್ಲೂ ಇಲ್ಲ! ಇಲ್ನೋಡು: ಕಾವೇರಿ ನದಿ ಹರಿಯುತ್ತದೆ. ಎಸ್ಟು ಕಿತಾ ಯೋಳ್ಕೊಡ್ಲಿ ನಿಂಗೆ?"

ಅಲ್ಲಿಂದ ಹರಿದ ಕಾವೇರಿ ನಿಲ್ಲಲಿಲ್ಲ. ಪುಸ್ತಕ ತಂದು ಇದ್ದ ಪಾಠವನ್ನೆಲ್ಲ ನನಗೆ ಓದಿ ಹೇಳಿದಳು. ಇನ್‌ಸ್ಪೆಕ್ಟರ್ ನನ್ನ ಪಕ್ಕದಲ್ಲೇ ಕೂತು ಕೇಳಿ, "ಮೂರನೇ ಕ್ಲಾಸಿಗೆ ಹೋಗಮ್ಮ" ಎಂದರು. ನನ್ನ ಮಗ ರಾಟೆಯನ್ನು ತಾನೇ ಎತ್ತಿ ಮೂಲೆಗಿಟ್ಟ. ನನಗಾದ ಖುಷಿಯನ್ನು ಬರೆಯುವಷ್ಟು ಅಕ್ಷರ ನನಗಿನ್ನೂ ಬಂದಿಲ್ಲ!

ಸಂಜೆ ಬೀಗರನ್ನು ಬಸ್ಸು ಹತ್ತಿಸಲು ಗೌರಿಯನ್ನೂ ಕರೆದುಕೊಂಡು ಕೊಳ್ಳೇಗಾಲಕ್ಕೆ ಹೋದೆವು. ಅವಳು ಕಡಲೆಕಾಯಿ ಕೊಳ್ಳುತ್ತಿದ್ದಾಗ ಕೇಳಿದೆ:

"ಕೊನೇದು ಯಾವ್ ದೇಶದ್ದು ಬೀಗರೇ?"

"ಯಾವ ದೇಶದ್ದೂ ಅಲ್ಲ ಕಣ್ರಿ. ಪತ್ರಿಕೆ ನಿಂತು ಎರಡು ತಿಂಗಳಾಯ್ತು." ಕೋಟಿನ ಗುಂಡಿಯೊಂದನ್ನು ತಿರುವುತ್ತಾ ಹೇಳಿದರು: "ಅವತ್ತು ಕೋಲು ಹಿಡ್ಕೊಂಡು ಗದರಿದ್ಲಲ್ಲ, ಆ ದನಿ ನನಗೆ ಹೊಸದಲ್ಲ ಬೀಗರೇ. ಸರ್ವೀಸೆಲ್ಲ ಅದೇ ದನೀಲಿ ಪಾಠ ಹೇಳ್ದೋನು ನಾನು. ಅದಕ್ಕೇ ಬೇರೆ ದೇಶ ಹುಡುಕ್ತಿದ್ದೆ."

ಕಣ್ಣೊರೆಸಿಕೊಂಡು, ಎದುರಿಗಿದ್ದ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟರು. ಅಷ್ಟರಲ್ಲಿ ಇಡೀ ಬಸ್‌ಸ್ಟ್ಯಾಂಡ್ ತಿರುಗಿ ನೋಡುವಂತೆ ಒಂದು ಕೂಗು ಕೇಳಿಸಿತು.

"ಮೇಷ್ಟ್ರು ತಾತಾ, ತಪ್ಪು! ಬೋರ್ಡು ಓದು, ಅದು ಅನೂರು ಬಸ್ಸು!"

ಬೀಗರು ಇಳಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ತಪ್ಪು ಅಂದ್ಲು ಬೀಗರೇ," ಎಂದರು. "ಅಷ್ಟೊಂದು ಜನರ ಮುಂದೆ, ನಂಗೆ ತಪ್ಪು ಅಂದ್ಲು!"